ಗೋಡೆ ಬಿರುಕು ಬಿಟ್ಟಿತ್ತು ಅನ್ನುವುದಷ್ಟೇ

ಹೋದ ತಿಂಗಳು ನಮ್ಮ ಶಾಲೆಯ ಗಣಿತದ ಮೇಡಂ ಮೆಟ್ಟಿಲಿಳಿಯುವಾಗ ಜಾರಿಬಿದ್ದು ಕೈ ಮುರಿದುಕೊಂಡರು. ಅವರನ್ನು ಹಿರಿಯೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ನಾನು. ಅಲ್ಲಿಯವನೊಬ್ಬ ಪ್ಲಾಸ್ಟರಿನ ಪಟ್ಟಿಯನ್ನು ಬಕೆಟ್ಟಿನ ನೀರಿಗೆ ಅದ್ದಿ, ಹಿಂಡಿ, ಅವರ ಕೈಗೆ ಸುತ್ತತೊಡಗಿದಾಗ ಒಂದು ವಾಸನೆ ಎದ್ದಿತು. ಒದ್ದೆಯಾದ ಸೀಮೆಸುಣ್ಣದ ವಾಸನೆಯಂಥದು, ಆದರೆ ಅದಕ್ಕಿಂತ ತಣ್ಣಗಿನದು... "ನೀವ್ಯಾಕೆ ಮೇಡಂ ಹಿಂಗೆ ಬೆವರ್ತೀರಿ, ಕೈ ಮುರಿದಿರೋದು ನಂದು" ಎಂದು ಅವರು ಆ ನೋವಿನಲ್ಲೂ ನಕ್ಕರು. ನಾನು ನಗಲಾಗದೆ ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ. ಹದಿನೆಂಟು ವರ್ಷಗಳ ಹಿಂದೆ, ಚಿತ್ರದುರ್ಗದ ದೊಡ್ಡಾಸ್ಪತ್ರೆಯ ಒಂದು ವಾರ್ಡಿನಲ್ಲಿ, ಇದೇ ವಾಸನೆಯ ಪಕ್ಕ ಕುಳಿತು ನಾನು ಒಂದು ಕಾಗದ ಬರೆದಿದ್ದೆ. ಒಂದೇ ಪುಟದ ಕಾಗದ.

ಅವತ್ತು ಪ್ಲಾಸ್ಟರಿನಲ್ಲಿದ್ದ ಕೈ ನಮ್ಮ ಇಂಗ್ಲಿಷ್ ಮೇಷ್ಟ್ರದಾಗಿತ್ತು.

ಹೊಸದುರ್ಗದಿಂದ ಶ್ರೀರಾಂಪುರದ ಕಡೆ ಹೋಗುವ ಬಸ್ಸಿನ ದಾರಿಯಲ್ಲಿ ನಮ್ಮ ಊರು. ಹೆಸರು ಬೇಡ. ಅಲ್ಲೊಂದು ಅನುದಾನಿತ ಹೈಸ್ಕೂಲು. ಮೇಷ್ಟ್ರ ಊರು ಹೊಳಲ್ಕೆರೆ. ಹೆಂಡತಿ ಅಲ್ಲಿಯೇ ಇದ್ದರು, ಮಕ್ಕಳಿರಲಿಲ್ಲ. ಇವರು ವಾರವೆಲ್ಲ ನಮ್ಮೂರಿನಲ್ಲಿ ಒಂದು ಕೋಣೆ ಹಿಡಿದುಕೊಂಡಿದ್ದು ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗುತ್ತಿದ್ದರು. ಸಣ್ಣ ಆಳು, ದಪ್ಪ ಕನ್ನಡಕ, ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು. ಯಾರಿಗೂ ಹೊಡೆಯುತ್ತಿರಲಿಲ್ಲ. ಹೊಡೆಯದ ಮೇಷ್ಟ್ರು ಅಂತ ನಮಗೆ ಅವರ ಮೇಲೆ ಸ್ವಲ್ಪ ಸದರವೂ ಇತ್ತು.

ಅವರಿಗೆ ಸಿಟ್ಟು ಬರುತ್ತಿದ್ದುದು ಒಂದೇ ಪದದ ವಿಷಯದಲ್ಲಿ. ‘ಓನ್ಲಿ’. ನಮ್ಮಲ್ಲಿ ಯಾರಾದರೂ ಎದ್ದು ನಿಂತು ‘ಹಿ ಈಸ್ ದೇರ್ ಓನ್ಲಿ ಸಾರ್’ ಎಂದರೆ ಸಾಕು, ಚಾಕ್‌ಪೀಸ್ ಕೆಳಗಿಡುತ್ತಿದ್ದರು. "ಅಲ್ಲೇ ಅವನೆ ಅಂತ ಹೇಳಾಕೆ ಹೊಂಟೀಯ. ಸರಿ. ಆದ್ರೆ ಇಂಗ್ಲಿಷಿನೋನು ಕೇಳಿದ್ರೆ ಅವನು ಅಲ್ಲಿ ಬಿಟ್ಟು ಬೇರೆ ಎಲ್ಲೂ ಇಲ್ಲ ಅಂದ್ಕಂತಾನೆ, ತಿಳೀತಾ?" ಎನ್ನುತ್ತಿದ್ದರು. ಆಮೇಲೆ ಅವರೇ ನಮ್ಮ ಪರವಾಗಿ ವಾದಿಸುತ್ತಿದ್ದರು. "ತಪ್ಪು ನಿಮ್ಮದಲ್ಲ. ಕನ್ನಡದಾಗೆ ಪದದ ಬಾಲಕ್ಕೆ ಒಂದು ‘ಏ’ ಅಂಟಿಸಿದ್ರೆ ಮುಗೀತು. ನಾನೇ, ಅವಳೇ, ಅಲ್ಲೇ. ಅಂಟಿಕೊಂಡಿರತೈತೆ, ಎಲ್ಲೂ ಹೋಗಲ್ಲ. ಇಂಗ್ಲಿಷಿಂದು ಹಗ್ಗ ಬಿಚ್ಚಿದ ದನ ಇದ್ದಂಗೆ. ಯಾರ ಹೊಲಕ್ಕೆ ನುಗ್ಗತೈತೋ ನಾವೇ ಕಾಯಬೇಕು."

ಒಂಬತ್ತನೇ ಕ್ಲಾಸಿನಲ್ಲಿ ಒಂದು ದಿನ ಅವರು ನಮ್ಮನ್ನೆಲ್ಲ ಬೇವಿನ ಮರದ ಕೆಳಗೆ ಕರೆದುಕೊಂಡು ಹೋದರು. ‘ನಾನು ಸೀತೆಯನ್ನು ಬಾವಿಯ ಹತ್ತಿರ ನೋಡಿದೆ’ ಎಂಬುದರ ಇಂಗ್ಲಿಷನ್ನು ಒಂದೊಂದು ರಟ್ಟಿನ ಮೇಲೆ ಒಂದೊಂದು ಪದವಾಗಿ ಬರೆದು ಮಕ್ಕಳ ಕೈಗೆ ಕೊಟ್ಟು ಸಾಲಾಗಿ ನಿಲ್ಲಿಸಿದರು. ‘ಓನ್ಲಿ’ ಎಂಬ ರಟ್ಟು ನನಗೆ ಬಂತು. "ನೀ ಹೋಗವ್ವ, ಎಲ್ಲಿ ಬೇಕಾದ್ರೂ ನಿಂತ್ಕ" ಎಂದರು. ನಾನು ಹೋಗಿ ಸಾಲಿನ ತುದಿಯಲ್ಲಿ, ‘ನಾನು’ವಿನ ಮುಂದೆ ನಿಂತೆ. ಸೀತೆಯನ್ನು ನೋಡಿದ್ದು ನಾನೊಬ್ಬಳೇ, ಬೇರೆ ಯಾರೂ ನೋಡಲಿಲ್ಲ ಅಂತಾಯಿತು. ಒಂದು ಹೆಜ್ಜೆ ಜರುಗಿ ‘ನೋಡಿದೆ’ಯ ಪಕ್ಕ ನಿಂತೆ. ನೋಡಿದೆ ಅಷ್ಟೇ, ಮಾತಾಡಿಸಲಿಲ್ಲ ಅಂತಾಯಿತು. ಸೀತೆಯ ಮಗ್ಗುಲಿಗೆ ಹೋದೆ. ಸೀತೆ ಒಬ್ಬಳನ್ನೇ ಕಂಡೆ, ಜೊತೆಗೆ ಯಾರೂ ಇರಲಿಲ್ಲ. ಇನ್ನೊಂದು ಹೆಜ್ಜೆ ಹಾಕಿದರೆ ಬಾವಿಯ ಹತ್ತಿರ ಮಾತ್ರ ಕಂಡೆ, ಮನೆಯಲ್ಲಿ ಕಾಣಲಿಲ್ಲ. ಹುಡುಗರು ಬಿದ್ದು ಬಿದ್ದು ನಕ್ಕರು. ಒಬ್ಬ ಹುಡುಗಿ ಅತ್ತಿಂದಿತ್ತ ನಡೆದರೆ ಇಷ್ಟೆಲ್ಲ ಬದಲಾಗುತ್ತದೆ ಅನ್ನುವುದು ನನಗೆ ಅವತ್ತು ದೊಡ್ಡ ಆಟದ ಹಾಗೆ ಕಂಡಿತ್ತು.

ಆ ಪದದ ಬೇರೆ ಗುಣಗಳನ್ನೂ ಅವರು ಬಿಡುವಾದಾಗ ಹೇಳುತ್ತಿದ್ದರು. ಒಬ್ಬನೇ ಮಗ ಅನ್ನುವಾಗ ಅದು ಪ್ರೀತಿಯ ಪದ, ಇವನು ಬರೀ ಜವಾನ ಅನ್ನುವಾಗ ಕೀಳು ಮಾಡುವ ಪದ. ‘ಇಫ್’ ಜೊತೆ ಸೇರಿದರೆ ಮಾತ್ರ ಅದಕ್ಕೆ ಕನ್ನಡದಲ್ಲಿ ಒಂದೇ ಪದ ಇಲ್ಲ. "ಹಂಗಾಗಿದ್ದಿದ್ರೆ... ಅಂತ ಹೇಳಿ ಸುಮ್ಮನಾಗಬೇಕು, ಅಷ್ಟೇ" ಎಂದಿದ್ದರು.

ನಾನು ಚಿತ್ರದುರ್ಗದಲ್ಲಿ ಬಿ.ಎ., ಬಿ.ಎಡ್. ಮುಗಿಸಿ ಅದೇ ಹೈಸ್ಕೂಲಿಗೆ ಹಂಗಾಮಿ ಟೀಚರಾಗಿ ಸೇರಿದೆ. ಕೆಲಸ ಸಿಗಲಿ ಅಂತ ಆಡಳಿತ ಮಂಡಳಿಯ ಕಾರ್ಯದರ್ಶಿಗಳ ಮುಂದೆ ಕೈಕಟ್ಟಿ ನಿಂತು ಮಾತಾಡಿದವರು ಮೇಷ್ಟ್ರೇ. ಸ್ಟಾಫ್ ರೂಮಿನಲ್ಲಿ ತಮ್ಮ ಪಕ್ಕದ ಕುರ್ಚಿಯನ್ನು ನನಗೆ ಕೊಟ್ಟರು. ಅವರೆದುರು ಕುರ್ಚಿಯಲ್ಲಿ ಕೂರಲು ನನಗೆ ಬಹಳ ದಿನ ಸಂಕೋಚವಾಯಿತು. "ಕುಂತ್ಕಳ್ರಿ ಮೇಡಂ" ಎಂದು ಬೇಕಂತಲೇ ಬಹುವಚನದಲ್ಲಿ ಹೇಳಿ ನನ್ನನ್ನು ಇನ್ನಷ್ಟು ಪೇಚಿಗೆ ಸಿಕ್ಕಿಸುತ್ತಿದ್ದರು.

ಶಾಲೆಯ ಹಿಂದೆ ಒಂದು ಹಳೆಯ ಉಗ್ರಾಣವಿತ್ತು. ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆ, ಮೇಲೆ ಅಷ್ಟಿಷ್ಟು ಸುಣ್ಣ. ಆ ವರ್ಷ ಜೂನ್‌ನಲ್ಲಿ ಮಳೆ ಹಿಡಿದಾಗ ಅದರ ಹಿಂಗೋಡೆ ಬಿರುಕು ಬಿಟ್ಟಿತು. ಮೇಷ್ಟ್ರು ಅದನ್ನು ನೋಡಿದವರೇ ಸ್ಟಾಫ್ ರೂಮಿಗೆ ಬಂದು ಹೆಡ್‌ಮಾಸ್ಟರಿಗೆ ಹೇಳಿದರು. ಆಗ ಅಲ್ಲಿ ನಾನಿದ್ದೆ. ಇನ್ನೂ ಮೂವರಿದ್ದರು.

"ಸಾರ್, ಉಗ್ರಾಣದ ಹಿಂಗೋಡೆ ಬಾಯಿ ಬಿಟ್ಟೈತೆ. ಕೆಡವಿಸಿಬಿಡ್ರಿ."

"ಈ ಮಳೆಯಾಗೆ ಯಾರು ಬರ್ತಾರ್ರಿ? ಬೇಸಿಗೆಗೆ ನೋಡಾಣ" ಎಂದರು ಹೆಡ್‌ಮಾಸ್ಟರು. ಅವರು ಕೆಟ್ಟವರೇನಲ್ಲ. ಯಾವುದನ್ನೂ ಇವತ್ತೇ ಮಾಡುವ ಅಭ್ಯಾಸ ಇರಲಿಲ್ಲ. ಮೇಷ್ಟ್ರು ಜುಲೈನಲ್ಲಿ ಇನ್ನೊಮ್ಮೆ ಹೇಳಿದರು. ಆಗಲೂ ನಾನಿದ್ದೆ. ಬರೆದುಕೊಡಿ ಅಂತ ಅವರೂ ಕೇಳಲಿಲ್ಲ, ಇವರೂ ಬರೆದುಕೊಡಲಿಲ್ಲ. ಆ ಕಡೆ ಮಕ್ಕಳು ಹೋಗುವುದಕ್ಕೆ ಕಾರಣವೂ ಇರಲಿಲ್ಲ. ಅಲ್ಲಿ ಮುಳ್ಳು ಬೆಳೆದಿತ್ತು.

ಆಗಸ್ಟ್ ಮೊದಲಿಗೆ ಮೇಷ್ಟ್ರು ಹತ್ತು ದಿನದ ತರಬೇತಿಗೆಂದು ಚಿತ್ರದುರ್ಗಕ್ಕೆ ಹೋದರು. ಅವರು ಹೋದ ಮೇಲೆ, ಸ್ವಾತಂತ್ರ್ಯ ದಿನಾಚರಣೆಗೆ ಮುಂದಿನ ಅಂಗಳ ಕೆಸರಾಗಬಾರದು ಅಂತ, ಮಕ್ಕಳು ಬಿಸಿಯೂಟದ ತಟ್ಟೆ ತೊಳೆಯುವ ನಲ್ಲಿಯನ್ನು ಹೆಡ್‌ಮಾಸ್ಟರು ಹಿಂದಕ್ಕೆ ಹಾಕಿಸಿದರು. ಮುಳ್ಳು ಕಡಿದು, ನಾಲ್ಕು ಕಲ್ಲು ಚಪ್ಪಡಿ ಹಾಸಿ, ಆ ಗೋಡೆಯಿಂದ ಎರಡು ಮಾರು ದೂರಕ್ಕೆ. ಆ ವಾರ ಊಟದ ಹೊತ್ತಿನ ಮೇಲ್ವಿಚಾರಣೆ ನನ್ನದು. ಹುಡುಗಿಯರನ್ನು ಸಾಲು ಮಾಡಿ ಹೊಸ ನಲ್ಲಿಗೆ ಕಳಿಸುತ್ತಿದ್ದವಳು ನಾನು. ಬಿರುಕು ನನಗೆ ಗೊತ್ತಿತ್ತು. ನಲ್ಲಿಯೂ ಗೊತ್ತಿತ್ತು. ಎರಡನ್ನೂ ಕೂಡಿಸಿ ಯೋಚನೆ ಮಾಡಲಿಲ್ಲ.

ಮೇಷ್ಟ್ರು ತರಬೇತಿ ಮುಗಿಸಿ ಬಸ್ಸಿಳಿದು ಬ್ಯಾಗು ಹಿಡಿದುಕೊಂಡೇ ಗೇಟಿನೊಳಗೆ ಕಾಲಿಟ್ಟ ಮಧ್ಯಾಹ್ನ ಗೋಡೆ ಬಿತ್ತು. ಸದ್ದು ದೊಡ್ಡದಾಗಿರಲಿಲ್ಲ. ಲಾರಿಯಿಂದ ಜಲ್ಲಿ ಸುರಿದ ಹಾಗೆ. ನಾನು ಊಟ ಮಾಡುತ್ತಿದ್ದವಳು ಎದ್ದು ಓಡಿ ಹೋಗುವಷ್ಟರಲ್ಲಿ ಅವರು ಕಲ್ಲುಗಳ ಮೇಲೆ ಮಂಡಿಯೂರಿ ಕೈಯಲ್ಲಿ ಬಗೆಯುತ್ತಿದ್ದರು. ಕನ್ನಡಕ ಎಲ್ಲೋ ಬಿದ್ದಿತ್ತು. ಕೂಗಿ ಕೂಗಿ ಎಲ್ಲರನ್ನೂ ದೂರ ಅಟ್ಟುತ್ತಿದ್ದರು. ಉಳಿದ ಅರ್ಧ ಗೋಡೆ ಆಮೇಲೆ ಬಿತ್ತು. ಅವರ ಬಲಗೈ ಅದರಡಿ ಸಿಕ್ಕಿತು. ಎಂಟನೇ ಕ್ಲಾಸಿನ ಒಬ್ಬ ಹುಡುಗಿಯನ್ನು ಹೊರಗೆ ತೆಗೆದರು. ಹೊಸದುರ್ಗದ ಆಸ್ಪತ್ರೆ ಮುಟ್ಟುವ ಮೊದಲೇ ಅವಳು ಹೋಗಿದ್ದಳು. ಅವಳ ಅಮ್ಮನಿಗೆ ಅವಳೊಬ್ಬಳೇ ಮಗಳು.

ಮೇಷ್ಟ್ರ ಕೈಯ ಮೂಳೆ ಎರಡು ಕಡೆ ಮುರಿದಿದ್ದರಿಂದ ಚಿತ್ರದುರ್ಗಕ್ಕೆ ಸಾಗಿಸಿದರು. ಮೂರನೆಯ ದಿನ ನಾನು ಗಂಜಿ ತೆಗೆದುಕೊಂಡು ನೋಡಲು ಹೋದಾಗ ಹೆಂಡತಿ ಔಷಧಿ ತರಲು ಕೆಳಗೆ ಹೋಗಿದ್ದರು. ಆಗತಾನೇ ಹೊಸ ಪ್ಲಾಸ್ಟರ್ ಹಾಕಿದ್ದರು. ಇನ್ನೂ ಒದ್ದೆ. ಹಾಸಿಗೆಯ ಪಕ್ಕ ಶಾಲೆಯ ಗುಮಾಸ್ತ ನಿಂತಿದ್ದ.

"ಕಾರ್ಯದರ್ಶಿಗಳು ಹೇಳಿಕೆ ಕೇಳ್ಯಾರೆ ಸಾರ್. ಇವತ್ತು ಸಂಜೆಗೇ ಬೇಕಂತೆ. ಇಂಗ್ಲಿಷಿನಾಗೆ ಇರಲಿ, ಲಾಯರು ಹಂಗೇ ಹೇಳ್ಯಾರಂತೆ" ಎಂದ.

ಮೇಷ್ಟ್ರು ನನ್ನತ್ತ ನೋಡಿದರು. ಕನ್ನಡಕವಿಲ್ಲದ ಅವರ ಕಣ್ಣುಗಳು ಬೇರೆ ಯಾರದೋ ಹಾಗಿದ್ದವು. "ಸದ್ಯ, ನೀ ಬಂದಿ. ನಾ ಹೇಳ್ತೀನಿ, ನೀ ಬರಕ" ಎಂದರು. ನೋವಿನ ಮಾತ್ರೆಯ ಮಂಪರಿನಲ್ಲಿ ಮಾತು ತಡೆತಡೆದು ಬರುತ್ತಿತ್ತು. ಅವರು ಕನ್ನಡದಲ್ಲಿ ಹೇಳಿದರು, ನಾನು ಇಂಗ್ಲಿಷಿನಲ್ಲಿ ಬರೆದೆ. ಹತ್ತು ದಿನ ಊರಲ್ಲಿರಲಿಲ್ಲ ಅಂತ ಹೇಳಿದರು, ಬರೆದೆ. ಮಗುವನ್ನು ಹೊರಗೆಳೆದದ್ದು ಹೇಳಿದರು, ಬರೆದೆ. ಆಮೇಲೆ ಅವರು ಹೇಳಿದರು: "ಗೋಡೆ ಬಿರುಕು ಬಿಟ್ಟೈತೆ ಅನ್ನೋದಷ್ಟೇ ನಂಗೆ ಗೊತ್ತಿದ್ದು. ನಲ್ಲಿ ಅಲ್ಲಿಗೆ ಹಾಕಿದ್ದು ಗೊತ್ತಿರಲಿಲ್ಲ."

ನಾನು ಬರೆದೆ: ‘ಐ ಓನ್ಲಿ ನ್ಯೂ ದಟ್ ದ ವಾಲ್ ವಾಸ್ ಕ್ರ್ಯಾಕ್ಡ್.’ ನಲ್ಲಿಯದು ಗೊತ್ತಿರಲಿಲ್ಲ ಅಂತ ಮುಂದಿನ ವಾಕ್ಯ ಬರೆದೆ.

"ಓದಿ ಹೇಳಲಾ ಸರ್?"

"ಬ್ಯಾಡ ಬಿಡವ್ವ. ನೀ ಬರೆದಿದ್ದನ್ನ ನಾ ಏನು ತಿದ್ದೋದು ಐತೆ."

ಎಡಗೈಯಲ್ಲಿ ಸಹಿ ಹಾಕಿದರು. ಸೊಟ್ಟ ಸೊಟ್ಟ. ಗುಮಾಸ್ತ ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೊರಟುಹೋದ.

ಹೆಡ್‌ಮಾಸ್ಟರಿಗೆ ಎರಡು ಸಲ ಹೇಳಿದ್ದೆ ಅನ್ನುವುದನ್ನು ಆ ಕಾಗದದಲ್ಲಿ ಅವರು ಬರೆಸಲಿಲ್ಲ. ಅದು ಎಲ್ಲರಿಗೂ ಗೊತ್ತಿರುವ ಸಂಗತಿ ಅಂದುಕೊಂಡಿರಬೇಕು. ಅಥವಾ ಸತ್ತ ಮಗುವಿನ ಹೆಸರಿನಲ್ಲಿ ಇನ್ನೊಬ್ಬರ ಕಡೆ ಬೆರಳು ತೋರಿಸುವುದು ಬೇಡ ಅಂದುಕೊಂಡರೋ... ನಾನು ಕೇಳಲಿಲ್ಲ.

ಎರಡು ವಾರದ ನಂತರ ಮಂಡಳಿ ಅವರನ್ನು ಅಮಾನತು ಮಾಡಿತು. ನೋಟೀಸು ಕನ್ನಡದಲ್ಲಿತ್ತು. ಅದರಲ್ಲಿ ಅವರ ಹೇಳಿಕೆಯಿಂದಲೇ ತೆಗೆದದ್ದು ಅಂತ ಒಂದು ವಾಕ್ಯವಿತ್ತು: ‘ಗೋಡೆ ಬಿರುಕು ಬಿಟ್ಟಿರುವುದು ನನಗೆ ಮಾತ್ರ ಗೊತ್ತಿತ್ತು.’ ನನಗೆ ಮಾತ್ರ. ಗೊತ್ತಿದ್ದವನು ಅವನೊಬ್ಬನೇ, ಬಾಯಿ ಬಿಡಲಿಲ್ಲ, ಅದಕ್ಕೇ ತಿಳಿಯದವರು ನಲ್ಲಿಯನ್ನು ಅಲ್ಲಿಗೆ ಹಾಕಿದರು, ಅದಕ್ಕೇ ಮಗು ಸತ್ತಿತು. ಲೆಕ್ಕ ಎಷ್ಟು ಚೆನ್ನಾಗಿ ಕೂಡಿತ್ತೆಂದರೆ, ಓದಿದ ನಾನೇ ಒಂದು ಕ್ಷಣ ನಂಬಿದೆ. ನಾನು ಬರೆದ ಇಂಗ್ಲಿಷಿಗೆ, ‘ಐ ಓನ್ಲಿ’ ಅಂದರೆ ‘ನಾನೇ’ ಅಂತ ನಮ್ಮ ಕಡೆಯವರು ಇಂಗ್ಲಿಷ್ ಮಾತಾಡುವ ರೀತಿಯಲ್ಲಿ ನೋಡಿದರೆ, ಆ ಅರ್ಥವೂ ಸಲ್ಲುತ್ತಿತ್ತು.

ಪ್ಲಾಸ್ಟರ್ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಅವರು ತಮ್ಮ ಕೋಣೆಯ ಸಾಮಾನು ಒಯ್ಯಲು ಬಂದ ದಿನ ನಾನು ಹೋಗಿ ಅತ್ತೆ. "ಸರ್, ನಾನೇ ಬರೆದದ್ದು ಅಂತ ಹೇಳಿಬಿಡ್ತೀನಿ."

"ನೀ ಬರೆದಿದ್ದು ತಪ್ಪಲ್ಲ ಕಣವ್ವ" ಎಂದರು. "ಇಂಗ್ಲಿಷಿನೋರೂ ಹಂಗೇ ಬರೀತಾರೆ. ತಪ್ಪು ಓದಿದೋರ್ದು. ವಿಚಾರಣೆ ಐತಲ್ಲ, ಅಲ್ಲಿ ನಾ ಬಿಡಿಸಿ ಹೇಳ್ತೀನಿ. ನಿಂದು ಪರ್ಮನೆಂಟ್ ಆಗೋ ಟೈಮು. ನೀ ಬಾಯಿ ಬಿಡಬ್ಯಾಡ."

ನಾನು ಇನ್ನೊಂದು ಸಲ ಹೇಳುತ್ತೇನೆ ಅನ್ನಲಿಲ್ಲ. ಅವರು ಬೇಡ ಅಂದದ್ದು ನನಗೆ ಎಷ್ಟು ಹಗುರವಾಯಿತು ಅನ್ನುವುದನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದನ್ನೆಲ್ಲ ಬರೆದು ಪ್ರಯೋಜನವಿಲ್ಲ.

ವಿಚಾರಣೆ ಶಾಲೆಯ ಹಾಲಿನಲ್ಲೇ ನಡೆಯಿತು. ಹೊರಗಿನಿಂದ ಒಬ್ಬ ಅಧಿಕಾರಿ ಬಂದಿದ್ದರು. ಕಾರ್ಯದರ್ಶಿಗಳು, ಹೆಡ್‌ಮಾಸ್ಟರು, ನಾವು ಟೀಚರುಗಳೆಲ್ಲ ಇದ್ದೆವು. ಸತ್ತ ಹುಡುಗಿಯ ಅಮ್ಮನನ್ನೂ ಕರೆಸಿ ಬಾಗಿಲ ಹತ್ತಿರ ಬೆಂಚಿನ ಮೇಲೆ ಕೂರಿಸಿದ್ದರು. ಅವಳು ಒಂದು ಸಲವೂ ತಲೆ ಎತ್ತಿರಲಿಲ್ಲ.

ಹೆಡ್‌ಮಾಸ್ಟರನ್ನು ಕೇಳಿದರು. "ನನಗೆ ಯಾರೂ ತಿಳಿಸಿಲ್ಲ ಸಾರ್" ಎಂದರು ಅವರು, ಮೇಜಿನ ಕಡೆ ನೋಡುತ್ತ. ಸ್ಟಾಫ್ ರೂಮಿನಲ್ಲಿ ಆವತ್ತು ಇದ್ದ ಆ ಮೂವರೂ ಅಲ್ಲೇ ಕೂತಿದ್ದರು. ನಾನೂ ಕೂತಿದ್ದೆ. ಫ್ಯಾನು ಕಿರುಗುಡುತ್ತಿತ್ತು.

ಮೇಷ್ಟ್ರ ಸರದಿ ಬಂತು. ಅಧಿಕಾರಿ ಕಾಗದ ಎತ್ತಿ ತೋರಿಸಿದರು. "ಇದು ನಿಮ್ಮದೇ ಹೇಳಿಕೆಯೇನ್ರಿ?"

"ಸಹಿ ನಂದೇ ಸಾರ್."

"ಕೈ ಮುರಿದಿತ್ತಲ್ಲ, ಬರೆದೋರು ಯಾರು?"

ಮೇಷ್ಟ್ರು ನಾನು ಕೂತ ಕಡೆ ತಿರುಗಲೇ ಇಲ್ಲ. "ಹೇಳಿದ್ದು ನಾನು. ಬರೆದೋರು ಯಾರಾದ್ರೇನು ಸಾರ್" ಎಂದರು. "ಆದ್ರೆ ಅದರ ಅರ್ಥ ನನಗೆ ಮಾತ್ರ ಗೊತ್ತಿತ್ತು ಅಂತ ಅಲ್ಲ. ಇಷ್ಟು ಮಾತ್ರ ಗೊತ್ತಿತ್ತು ಅಂತ. ಓನ್ಲಿ ಅನ್ನೋ ಪದ..."

ಮಾತಿನಲ್ಲಿ ಹೇಳಿದರೆ ತಿಳಿಯಲಿಲ್ಲ ಅನ್ನಿಸಿತೋ ಏನೋ, ಬೋರ್ಡಿನ ಹತ್ತಿರ ಹೋದರು. ಎಡಗೈಯಲ್ಲಿ ಚಾಕ್‌ಪೀಸ್ ಹಿಡಿದು ಆ ವಾಕ್ಯವನ್ನು ಬರೆದರು. ಮಗುವಿನ ಅಕ್ಷರದ ಹಾಗಿತ್ತು. ಓನ್ಲಿ ಕೆಳಗೆ ಒಂದು ಗೆರೆ ಎಳೆದರು. ಅದು ಇಲ್ಲಿದ್ದರೆ ಹೀಗೆ, ‘ಐ’ನ ಮುಂದಿದ್ದರೆ ಹಾಗೆ ಅಂತ ಹೇಳತೊಡಗಿದರು. ಪಾಠ ಮಾಡುವಾಗಿನ ದನಿಯೇ. ಅವರಿಗೆ ಬೇರೆ ದನಿ ಗೊತ್ತಿರಲಿಲ್ಲ. ಮೊದಲು ಈ ಪದ ಬಿಡಿಸಿ, ಹೆಡ್‌ಮಾಸ್ಟರಿಗೆ ಹೇಳಿದ್ದನ್ನು ಆಮೇಲೆ ಹೇಳೋಣ ಅಂದುಕೊಂಡಿದ್ದರೇನೋ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕಾರ್ಯದರ್ಶಿಗಳು ವಾಚು ನೋಡಿಕೊಂಡರು.

ಅಧಿಕಾರಿ ಕೈಯೆತ್ತಿ ತಡೆದರು. "ಮೇಷ್ಟ್ರೇ, ಒಂದು ಮಗು ಸತ್ತೈತೆ. ಆ ತಾಯಿ ಮುಂದೆ ನಿಂತ್ಕೊಂಡು ಗ್ರಾಮರ್ ಹೇಳ್ತೀರಲ್ರಿ."

ಆಗ ಆ ತಾಯಿ ಮೊದಲ ಸಲ ತಲೆ ಎತ್ತಿದಳು. ಎದ್ದು ನಿಂತು, ಬೋರ್ಡಿನ ಮೇಲಿದ್ದ ತನಗೆ ಓದಲು ಬಾರದ ಅಕ್ಷರಗಳನ್ನು ನೋಡಿ, ಆಮೇಲೆ ಅವರನ್ನು ನೋಡಿ ಕೇಳಿದಳು: "ನಿಮಗೊಬ್ಬರಿಗೇ ಗೊತ್ತಿತ್ತಂತಲ್ಲ ಸಾ. ನನ್ನ ಮಗಳಿಗೆ ಒಂದ್ ಮಾತು ಹೇಳಾಕೆ ಆಗ್ಲಿಲ್ವಾ?"

ಮೇಷ್ಟ್ರು ಚಾಕ್‌ಪೀಸ್ ಕೆಳಗಿಟ್ಟರು. ಆಮೇಲೆ ಅಧಿಕಾರಿ ಏನು ಕೇಳಿದರೂ "ಹೂಂ ಸಾರ್" ಅನ್ನುವುದು ಬಿಟ್ಟು ಅವರು ಬೇರೆ ಮಾತಾಡಲಿಲ್ಲ.

ಅವರನ್ನು ಕೆಲಸದಿಂದ ತೆಗೆದರು. ಪೊಲೀಸ್ ಕೇಸು ಹೊಸದುರ್ಗದ ಕೋರ್ಟಿನಲ್ಲಿ ವರ್ಷಗಟ್ಟಲೆ ತೆವಳಿ, ಸಾಕ್ಷಿ ಸಾಲದು ಅಂತ ಮುಗಿಯಿತು. ಯಾರಿಗೂ ಶಿಕ್ಷೆಯಾಗಲಿಲ್ಲ. ಕೆಲಸ ಮಾತ್ರ ವಾಪಸು ಬರಲಿಲ್ಲ. ಅವರ ಪೀರಿಯಡ್‌ಗಳನ್ನು ಮಂಡಳಿ ನನಗೆ ಕೊಟ್ಟಿತು. ಒಂಬತ್ತನೇ ಕ್ಲಾಸಿಗೆ ನಾನು ಇಂಗ್ಲಿಷ್ ವ್ಯಾಕರಣ ಪಾಠ ಮಾಡಿದೆ. ಆ ಒಂದು ಪದ ಬರುವ ಅಭ್ಯಾಸವನ್ನು ಹಾರಿಸಿ ಮುಂದೆ ಹೋದೆ. ಎರಡು ವರ್ಷದ ಮೇಲೆ ಸರ್ಕಾರಿ ಕೆಲಸ ಸಿಕ್ಕಿ, ಹಿರಿಯೂರು ತಾಲ್ಲೂಕಿಗೆ ಬಂದು, ಆದಿವಾಲದ ಹತ್ತಿರ ಮನೆ ಮಾಡಿಕೊಂಡೆ. ದೂರ ಬಂದರೆ ಎಲ್ಲ ಸರಿಹೋಗುತ್ತದೆ ಅನ್ನಿಸಿತ್ತು.

ಆಮೇಲೆ ಅವರನ್ನು ನೋಡಿದ್ದು ಒಂದೇ ಸಲ. ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ, ಹೊಳಲ್ಕೆರೆ ಬಸ್ಸು ನಿಲ್ಲುವ ಜಾಗದಲ್ಲಿ, ಬಟ್ಟೆಯ ಚೀಲ ಹಿಡಿದು ಕಂಬಕ್ಕೊರಗಿ ನಿಂತಿದ್ದರು. ಬಲಗೈ ಮೊಣಕೈಯಲ್ಲಿ ಮಡಚಿದ್ದು ಮಡಚಿದ ಹಾಗೇ ಇತ್ತು. ಕನ್ನಡಕಕ್ಕೆ ದಾರ ಕಟ್ಟಿದ್ದರು. ಜೇಬಿನಲ್ಲಿ ಪೆನ್ನಿರಲಿಲ್ಲ. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ನಾಲ್ಕು ಹೆಜ್ಜೆ ಮುಂದೆ ಹೋದೆ ಕೂಡ. ಅವರು ತಲೆ ಈ ಕಡೆ ತಿರುಗಿಸಿದರು. ನಾನು ಸರಕ್ಕನೆ ಎದುರಿಗಿದ್ದ ಬಸ್ಸು ಹತ್ತಿಬಿಟ್ಟೆ. ಅದು ನನ್ನ ಊರಿನ ಬಸ್ಸಲ್ಲ. ಸಿರಿಗೆರೆಯ ಕಡೆ ಹೋಗುತ್ತಿತ್ತು. ಮಕ್ಕಳು ತುಂಬಿದ್ದ ಆ ಬಸ್ಸಿನಲ್ಲಿ ತಲೆ ತಗ್ಗಿಸಿ ಕೂತು, ಊರ ಹೊರಗೆ ಇಳಿದು, ಮತ್ತೆ ವಾಪಸು ಬಂದೆ. ಅಷ್ಟು ಹೊತ್ತಿಗೆ ಅವರ ಬಸ್ಸು ಹೋಗಿತ್ತು. ಅವರು ನನ್ನನ್ನು ನೋಡಿದರೋ ಇಲ್ಲವೋ...

ಎರಡು ವರ್ಷದ ಹಿಂದೆ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಒಬ್ಬ ಕೇಳಿದ್ದ, ಗೋಡೆ ಕೇಸಿನ ಮೇಷ್ಟ್ರಾ ಅಂತ. ಇನ್ನೊಬ್ಬ ಹೌದು ಅಂತ ಬರೆದಿದ್ದ. ಆಮೇಲೆ ಸಾಲಾಗಿ ಕೈಮುಗಿದ ಚಿತ್ರಗಳು. ‘ಆ ಹೇಳಿಕೆ ಬರೆದದ್ದು ನಾನು’ ಎಂದು ಟೈಪ್ ಮಾಡಿದೆ. ಅಳಿಸಿದೆ. ನಾನೂ ಒಂದು ಕೈಮುಗಿದ ಚಿತ್ರ ಹಾಕಿದೆ.

ತಿಥಿ ಕಳೆದ ಮೇಲೆ ಹೊಳಲ್ಕೆರೆಗೆ ಹೋದೆ. ಅವರ ಹೆಂಡತಿಗೆ ನನ್ನ ಗುರುತು ಹತ್ತಲಿಲ್ಲ. ಹೆಸರು ಹೇಳಿದೆ. "ಓ, ನೀವಾ" ಎಂದು ಒಳಗೆ ಕರೆದು ಕೂರಿಸಿದರು. ನಾನು ಬಾಯಿ ತೆರೆಯುವ ಮೊದಲೇ, "ಗೊತ್ತೈತಮ್ಮ, ಬರೆದಿದ್ದು ನೀವು ಅಂತ ಹೇಳಿದ್ರು" ಎಂದರು. "ನಿಮ್ಮ ಮೇಲೆ ಸಿಟ್ಟಿರಲಿಲ್ಲ ಅವರಿಗೆ. ಹೊರಗೆ ಹೋಗಿ ಮನೆಗೆ ಬಂದಾಗೆಲ್ಲ, ಆ ಹುಡುಗಿ ಏನಾರ ಬಂದಿದ್ಲಾ ಅಂತ ಕೇಳೋರು. ಭಾಳ ವರ್ಷ ಕೇಳಿದ್ರು. ಆಮೇಲೆ ಕೇಳೋದು ಬಿಟ್ರು." ಅವರು ನನಗೆ ಕಾಫಿ ಕೊಟ್ಟರು. ಕುಡಿದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ.

ಹೋದ ತಿಂಗಳು ಹಿರಿಯೂರಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ನನಗೆ ಹೊಳೆದದ್ದು ಇಷ್ಟು. ಮೇಷ್ಟ್ರಿಲ್ಲ. ಹೆಡ್‌ಮಾಸ್ಟರಿಲ್ಲ, ಕಾರ್ಯದರ್ಶಿಗಳಿಲ್ಲ. ಮಕ್ಕಳು ಸಾಲದೆ ಆ ಶಾಲೆಯೇ ಮುಚ್ಚಿದೆ. ತಿದ್ದುವುದಕ್ಕೆ ಆ ಕಾಗದ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಆ ವಾಕ್ಯವನ್ನು ಇವತ್ತಿಗೂ ನಂಬಿಕೊಂಡಿರುವ ಜೀವ ಒಂದೇ ಒಂದು ಉಳಿದಿದೆ. ಮುಂದಿನ ಭಾನುವಾರ ಹೊಸದುರ್ಗದ ಬಸ್ಸು ಹತ್ತಿದೆ.

ಹುಡುಗಿಯ ಅಮ್ಮ ಮನೆಯ ಮುಂದೆ ಈರುಳ್ಳಿ ರಾಶಿಯ ಪಕ್ಕ ಕೂತು ಕುಡುಗೋಲಿನಿಂದ ಒಣಗಿದ ಸೊಪ್ಪು ಕೊಯ್ಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಬರ್ರಿ ಮೇಡಂನೋರೆ" ಎಂದು ಗೋಣಿಚೀಲ ಹಾಸಿ ಕೂರಿಸಿದಳು. ನಾನು ಯಾವ ಪೀಠಿಕೆಯೂ ಇಲ್ಲದೆ ಹೇಳಿದೆ. ಕಾಗದ ಬರೆದದ್ದು ನಾನು. ಮೇಷ್ಟ್ರು ಹೇಳಿದ್ದು ‘ನನಗೊಬ್ಬನಿಗೇ ಗೊತ್ತಿತ್ತು’ ಅಂತ ಅಲ್ಲ. ಗೋಡೆಯ ವಿಷಯ ಅವರು ಹೆಡ್‌ಮಾಸ್ಟರಿಗೆ ಎರಡು ಸಲ ಹೇಳಿದ್ದರು.

ಅವಳ ಕೈ ನಿಂತಿತು. "ಹಂಗಾರೆ ಹೆಡ್‌ಮೇಷ್ಟ್ರಿಗೂ ಗೊತ್ತಿತ್ತಾ?"

"ಗೊತ್ತಿತ್ತು."

"ಉಳಿದ ಮೇಷ್ಟ್ರುಗಳಿಗೆ?"

"ಗೊತ್ತಿತ್ತು."

ಅವಳು ನನ್ನನ್ನೇ ನೋಡಿದಳು. "ನಿಮಗೆ?"

"ನನಗೂ ಗೊತ್ತಿತ್ತಮ್ಮ. ನಲ್ಲಿ ಅಲ್ಲಿ ಐತೆ ಅಂತಲೂ ಗೊತ್ತಿತ್ತು. ಅವರಿಗೆ ಅದು ಗೊತ್ತಿರಲಿಲ್ಲ."

ಬೈಯುತ್ತಾಳೆ ಅಂದುಕೊಂಡೆ. ಹೊಡೆದರೂ ಹೊಡೆಯಲಿ ಅಂದುಕೊಂಡೇ ಹೋಗಿದ್ದೆ. ಅವಳು ಏನೂ ಮಾಡಲಿಲ್ಲ. ಜಗಲಿಯ ಕಡೆ ನೋಡುತ್ತ ಎಂದಳು:

"ಅವ್ರು ಒಂದ್ ದಪ ಇಲ್ಲಿಗೆ ಬಂದಿದ್ರು. ಕೇಸು ನಡೀವಾಗ. ನಾ ಬಾಗ್ಲು ತೆಗೀಲಿಲ್ಲ. ಒಳಗಿಂದ್ಲೇ ಬಾಯಿಗೆ ಬಂದಂಗೆ ಅಂದೆ. ಇಗಾ, ಈ ಜಗಲಿ ಮ್ಯಾಲೆ ಕುಂತಿದ್ರು, ಹೊತ್ತು ಇಳಿಯಾಗಂಟ. ಆಮೇಲೆ ಎದ್ದು ಹೋದ್ರು." ಕೈಯಲ್ಲಿದ್ದ ಈರುಳ್ಳಿಯನ್ನು ರಾಶಿಗೆ ಹಾಕಿದಳು. "ಈಗ ಎಲ್ಲವ್ರೆ?"

"ತೀರಿಕೊಂಡ್ರು. ಎರಡು ವರ್ಷ ಆಯ್ತು."

"ಹದಿನೆಂಟು ವರ್ಷ ಮೇಡಂನೋರೆ" ಎಂದಳು. "ದಿನಾ ಬೆಳಿಗ್ಗೆ ಎದ್ದು ದೀಪ ಹಚ್ಚಿ ಅವರೊಬ್ಬರಿಗೇ ಶಾಪ ಹಾಕ್ದೆ. ಅವ್ರು ಸತ್ತ ಮ್ಯಾಲೂ ಎರಡು ವರ್ಷ ಹಾಕಿದೀನಿ. ಈಗ ಅದನ್ನ ವಾಪಸ್ ತಗಳ್ಳಾಕೆ ಬರತೈತಾ? ನೀವು ಓದಿದೋರು. ಹೇಳ್ರಿ."

ಅವಳು ಉತ್ತರಕ್ಕೆ ಕಾದಳು. ನಿಜವಾಗಿಯೂ ಕಾದಳು. ಆಮೇಲೆ ಕುಡುಗೋಲು ತೆಗೆದುಕೊಂಡಳು.

ಬಸ್ಸಿನ ಹೊತ್ತಾಗಿತ್ತು. ನಾನು ಎದ್ದೆ.